ಫೌಜಿಗಳನ್ನು ಗೇಟಿನಿಂದ ಒಳಗೆ ಕರೆದ ಮೇಲೆ: ನನ್ನ ಅನುಭವ

ಹೋದ ತಿಂಗಳು ಪಕ್ಕದ ಶೆಡ್ಡಿನ ಮಾಲಕರು ಚಹಾಕ್ಕೆ ಬಂದಿದ್ದರು. ಕಪ್ಪು ಕೆಳಗಿಡುವ ಮೊದಲೇ ಕೇಳಿದರು, "ನಿಮ್ಮಲ್ಲಿರೋ ಫೌಜಿಯವರಂಥವ್ರು ಇನ್ನಿಬ್ಬರು ಸಿಗ್ತಾರೇನ್ರಿ?" ಎಂಟು ವರ್ಷದ ಹಿಂದೆ ಇದೇ ಮನುಷ್ಯ, "ಫೌಜಿಯವ್ರು ಗೇಟಿಗೆ ಚಲೋ, ಮಷೀನಿಗಲ್ಲ, ಅದೆಲ್ಲಾ ನಡಿಯಂಗಿಲ್ರಿ" ಅಂದಿದ್ದರು. ಫೌಜಿಯವರು ಅಂದರೆ ಸೈನ್ಯದಿಂದ ನಿವೃತ್ತರಾಗಿ ಬಂದವರು, ಗೇಟು ಅಂದರೆ ಕಾವಲು ಕೆಲಸ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಹೈಡ್ರಾಲಿಕ್ ಸಿಲಿಂಡರಿನ ಬಿಡಿಭಾಗ ಮಾಡುವ ಮಷೀನ್ ಶಾಪ್. ಎಲ್ಲ ಸೇರಿ ಐವತ್ತೈದು ಜನ. ಅದರಲ್ಲಿ ಒಂಬತ್ತು ಮಂದಿ ಮಾಜಿ ಸೈನಿಕರು, ಇಬ್ಬರು ಟೆರಿಟೋರಿಯಲ್ ಆರ್ಮಿಯ ಹುಡುಗರು, ಅಂದರೆ ಕರೆದಾಗ ಮಾತ್ರ ಸೇನೆಗೆ ಹೋಗುವವರು. ಈ ಊರಿಗೆ ಫೌಜು ದೂರದ ಮಾತಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಊರೊಳಗೇ ಇದೆ. ಗೋಕಾಕ, ಹುಕ್ಕೇರಿ, ಬೈಲಹೊಂಗಲ ಕಡೆ ಯಾವ ಹಳ್ಳಿಗೆ ಹೋದರೂ ಒಂದೆರಡು ಮನೆಯ ಗೋಡೆ ಮೇಲೆ ಯೂನಿಫಾರ್ಮಿನ ಫೋಟೋ ಕಾಣುತ್ತದೆ. ಸಿಪಾಯಿ 15-17 ವರ್ಷ ಸೇವೆ ಮುಗಿಸಿ ಬರುವಾಗ ವಯಸ್ಸು 35-40. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಅವರಿಗೆ ಕೆಲಸ ಬೇಕು, ನಮಗೆ ಜನ ಬೇಕು. ಆದರೂ ಎರಡೂ ಕೂಡುತ್ತಿರಲಿಲ್ಲ.

ಮೊದಲ ತಪ್ಪು 2017ರದ್ದು. ಸಂಕೇಶ್ವರ ಕಡೆಯ ಒಬ್ಬ ಹವಾಲ್ದಾರ್‌ರನ್ನು ತಗೊಂಡೆ. ಎಲ್ಲರೂ ಮಾಡಿದಂತೆ ಗೇಟಿನಲ್ಲಿ ಕೂರಿಸಿದೆ. ಸಂಬಳ 11 ಸಾವಿರವೇನೋ. ಒಂದು ದಿನ ಕಂಪ್ರೆಸರ್ ನಿಂತಿತು. ಮೆಕ್ಯಾನಿಕ್ ಬರುವುದು ಸಂಜೆ ಅಂದ. ಈ ಹವಾಲ್ದಾರ್‌ರು ಬಂದು, "ಸರ, ನಾ ಒಮ್ಮೆ ನೋಡ್ಲೇನ್ರಿ" ಅಂದರು. ವಾಲ್ವ್ ಪ್ಲೇಟ್ ಬಿಚ್ಚಿ, ತೊಳೆದು, ತಿರುಗಿ ಕೂರಿಸಿದರು. ಮುಕ್ಕಾಲು ತಾಸಿನ ಕೆಲಸ. ಆಮೇಲೆ ಕೇಳಿದರೆ ಸೇನೆಯ ಯಂತ್ರ, ವಾಹನ ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿ 17 ವರ್ಷ ವೆಹಿಕಲ್ ಮೆಕ್ಯಾನಿಕ್. ಅವರ ಡಿಸ್ಚಾರ್ಜ್ ಬುಕ್ ನನ್ನ ಫೈಲಿನಲ್ಲೇ ಇತ್ತು. ಟ್ರೇಡ್, ಅಂದರೆ ಫೌಜಿನಲ್ಲಿ ಮಾಡಿದ ಕೆಲಸ ಯಾವುದು ಅಂತ, ಅದರಲ್ಲಿ ಬರೆದಿತ್ತು. ನಾನು ಓದಿರಲಿಲ್ಲ. ಒಳಗೆ ಕರೆಯೋಣ ಅನ್ನುವಷ್ಟರಲ್ಲಿ ಅವರು ಬೇರೆ ಕಡೆ ಹೋದರು. ಆ ನೋವು ಇವತ್ತಿಗೂ ಇದೆ.

ಎರಡನೇ ತಪ್ಪಿಗೆ ದುಡ್ಡು ಜಾಸ್ತಿ ಹೋಯಿತು. ಈ ಸಲ ಒಬ್ಬ ಸುಬೇದಾರ್ ಸಾಹೇಬರನ್ನು ನೇರ ಸೂಪರ್‌ವೈಸರ್ ಮಾಡಿದೆ. 28 ಸಾವಿರ ಕೊಟ್ಟೆ. ಮೊದಲ ದಿನದಿಂದಲೇ ಬೆಳಗ್ಗೆ ಫಾಲ್-ಇನ್, ಸೀಟಿ, ಲೈನು. ಶಾಪ್ ಫ್ಲೋರ್ ಒಪ್ಪಲಿಲ್ಲ. ಹತ್ತು ಹನ್ನೆರಡು ವರ್ಷದಿಂದ ಇದ್ದ ಮೂವರು ಆಪರೇಟರ್‌ಗಳು ಒಂದೂವರೆ ತಿಂಗಳಲ್ಲಿ ಬಿಟ್ಟರು. ಡಿಸ್ಪ್ಯಾಚ್ ತಪ್ಪಿತು. ಕಟ್ಟಿದ ದಂಡ, ಕೈಬಿಟ್ಟ ಆರ್ಡರ್ ಎಲ್ಲ ಸೇರಿ ಮೂರೂವರೆ ಲಕ್ಷದ ಹತ್ತಿರ ಹೋಗಿರಬೇಕು. ಸಾಹೇಬರೂ ಬೇಸರ ಮಾಡಿಕೊಂಡು ಹೋದರು. ತಪ್ಪು ಅವರದಲ್ಲ. ಬೋರ್ ಫಿನಿಶ್, ಅಂದರೆ ಸಿಲಿಂಡರಿನ ಒಳರಂಧ್ರದ ನುಣುಪು, ಗೊತ್ತಿಲ್ಲದ ಮನುಷ್ಯನ ಕೈಯಲ್ಲಿ ನಾನು ಅಧಿಕಾರ ಕೊಟ್ಟಿದ್ದೆ. ಅಧಿಕಾರ ಹೇಗೆ ನಡೆಸಬೇಕು ಅಂತ ಅವರಿಗೆ ಗೊತ್ತಿದ್ದ ದಾರಿ ಒಂದೇ.

ಅವರೇ ಹೋಗುವಾಗ ಒಂದು ಮಾತು ಹೇಳಿದರು. "ನಮ್ಮಲ್ಲಿ ಹೊಸಬ ಬಂದ್ರ ಅವಗ ಒಬ್ಬ ಬಡ್ಡಿ ಇರ್ತಾನ್ರಿ. ನೀವು ನನಗ ಬಡ್ಡಿನೇ ಕೊಡ್ಲಿಲ್ಲ." ಫೌಜಿನಲ್ಲಿ ಬಡ್ಡಿ ಅಂದರೆ ಜೊತೆಗಾರ. ಊಟ, ಡ್ಯೂಟಿ, ಕಷ್ಟ ಎಲ್ಲದಕ್ಕೂ ಜೋಡಿ. ನನ್ನ ಪದ್ಧತಿ ಅಲ್ಲಿಂದ ಹುಟ್ಟಿತು.

ಈಗ ಹೊಸದಾಗಿ ಬಂದ ಮಾಜಿ ಸೈನಿಕರಿಗೆ ಮೂರು ತಿಂಗಳು ಅಧಿಕಾರದ ಹುದ್ದೆ ಇಲ್ಲ, ಜೋಡಿ ಇದೆ. ಜೋಡಿಗಾರ ನಮ್ಮ ಹಳೆಯ ಆಪರೇಟರ್. ಬಾಸ್ ಅಲ್ಲ, ಶಿಷ್ಯನೂ ಅಲ್ಲ. ಒಟ್ಟಿಗೇ ಊಟಕ್ಕೆ ಕೂರಬೇಕು. ಮೂರು ತಿಂಗಳಾದ ಮೇಲೆ ಇಬ್ಬರಿಗೂ ಸೇರಿಸಿ ಒಂದು ಇನಾಮು. ಎಷ್ಟು ಅಂತ ಹೇಳುವುದಿಲ್ಲ. ಯಾರಿಗೆ ಯಾರನ್ನು ಜೋಡಿ ಮಾಡುತ್ತೇನೆ ಅನ್ನೋದೂ ನನ್ನ ಹತ್ತಿರವೇ ಇರಲಿ. ಅದು ಸರಿಯಾಗಲು ಆರು ಜೋಡಿ ಮುರಿದಿವೆ.

ಜೊತೆಗೆ ಮೊದಲ ದಿನವೇ ಅವರದ್ದು ಅಂತ ಒಂದು ಜಾಗ ಬರೆದು ಕೊಡುತ್ತೇನೆ. ಅಳತೆ ಉಪಕರಣ ಇಡುವ ಗೇಜ್ ಕಪಾಟು, ಟೂಲ್ ಇಡುವ ಟೂಲ್ ಕ್ರಿಬ್, ಕೂಲಂಟ್ ಟ್ಯಾಂಕು, ಯಾವುದಾದರೂ ಸರಿ. ಚಿಕ್ಕದಾದರೂ ಪೂರ್ತಿ ಅವರದ್ದೇ. ಬಾಯಿಮಾತಿನಲ್ಲಿ "ಸ್ವಲ್ಪ ನೋಡ್ಕೊಳ್ರಿ" ಅಂದರೆ ಅವರಿಗೆ ಅದು ಕೆಲಸವೇ ಅಲ್ಲ. ಯಾವುದು, ಎಷ್ಟು ಗಂಟೆಗೆ, ಯಾರಿಗೆ ವರದಿ, ಈ ಮೂರು ಕಾಗದದ ಮೇಲೆ ಇದ್ದರೆ ಸಾಕು. ಮತ್ತೆ ನೋಡುವುದೇ ಬೇಡ.

ಬೆಂಗಳೂರಿನ ಎಂಇಜಿಯಿಂದ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ನಿವೃತ್ತರಾದ ಒಬ್ಬರಿಗೆ ಗೇಜ್ ಕಪಾಟು ಕೊಟ್ಟಿದ್ದೆ. ವಾರದೊಳಗೆ ಅವರು ಒಂದು ವಿಷಯ ಹಿಡಿದರು. ಎರಡನೇ ಶಿಫ್ಟಿನಲ್ಲಿ ರಂಧ್ರದ ಅಳತೆ ನೋಡುವ ಬೋರ್ ಗೇಜನ್ನು, ಸರಿ ಅಳತೆಯ ಸೆಟ್ಟಿಂಗ್ ರಿಂಗಿನಲ್ಲಿ ಸೊನ್ನೆ ಮಾಡದೆ ಸುಮ್ನೆ ಹಾಗೇ ಬಳಸುತ್ತಿದ್ದರು. ನಾವು ತಿಂಗಳುಗಟ್ಟಲೆ ಲೋಹ ಕೊರೆಯುವ ಇನ್ಸರ್ಟನ್ನು ಬೈಯುತ್ತಿದ್ದೆವು! ಅವರು ಹಲಗೆಗೆ ಬಣ್ಣ ಬಳಿದು, ಒಂದೊಂದು ಗೇಜಿನ ಆಕಾರ ಕಪ್ಪಗೆ ಬರೆದು ಮೊಳೆ ಹೊಡೆದರು. ಪಕ್ಕದಲ್ಲೇ ರಿಂಗು. ಗೇಜ್ ತೆಗೆಯುವವನು ರಿಂಗಿಗೆ ತೋರಿಸಿ, ಸಹಿ ಮಾಡಿಯೇ ಒಯ್ಯಬೇಕು. ಖರ್ಚು 900 ರೂಪಾಯಿ. ರಿಜೆಕ್ಷನ್ ಶೇಕಡಾ ನಾಲ್ಕರ ಆಸುಪಾಸು ಇದ್ದದ್ದು ಆರು ತಿಂಗಳಲ್ಲಿ ಎರಡಕ್ಕಿಂತ ಕೆಳಗೆ ಬಂತು. ಪೂರ್ತಿ ಇದರಿಂದಲೇ ಅಂತ ಹೇಳುವುದಿಲ್ಲ. ಜಾಸ್ತಿ ಪಾಲು ಇದರದ್ದೇ.

ಈಗ ದುಡ್ಡಿನ ಮಾತು. ನಮ್ಮ ಇಂಡಸ್ಟ್ರಿಯಲ್ಲಿ ಒಂದು ಕೆಟ್ಟ ರೂಢಿ ಇದೆ. "ನಿಮಗ ಪೆನ್ಷನ್ ಬರ್ತದಲ್ರಿ" ಅಂತ ಹೇಳಿ ಸಂಬಳ ಕಡಿಮೆ ಮಾಡುವುದು. ನಾನೂ ಮಾಡಿದ್ದೆ. ಮಷೀನ್ ಹೊಂದಿಸುವ ಸೆಟ್ಟರ್‌ಗೆ 24 ಸಾವಿರ ಇದ್ದಾಗ ಒಬ್ಬರಿಗೆ 17 ಅಂದೆ. ಅವರು ಏನೂ ಅನ್ನದೆ ಒಪ್ಪಿದರು, ಐದು ತಿಂಗಳಿಗೆ ಬಿಟ್ಟರು. ಪೆನ್ಷನ್ ಅವರು ದುಡಿದು ಮುಗಿಸಿದ ವರ್ಷಗಳದ್ದು. ನನ್ನ ಮಷೀನಿಗೂ ಅದಕ್ಕೂ ಸಂಬಂಧ ಇಲ್ಲ. ಉಳಿಸಿದ್ದು ತಿಂಗಳಿಗೆ 7 ಸಾವಿರ. ಹೊಸಬನನ್ನು ತಯಾರು ಮಾಡಲು ಹೋಗಿದ್ದು ಒಂದೂವರೆ ಲಕ್ಷದ ಹತ್ತಿರ. ಅವತ್ತಿನಿಂದ ಟ್ರೇಡಿಗೆ ತಕ್ಕ ಪೂರ್ತಿ ಸಂಬಳ.

ಇಎಸ್‌ಐ (ನೌಕರರ ಆರೋಗ್ಯ ವಿಮೆ) ವಿಷಯ ಮೊದಲ ದಿನವೇ ಬಿಡಿಸಿ ಹೇಳಿ. ಸಂಬಳ 21 ಸಾವಿರದೊಳಗೆ ಇದ್ದರೆ ಅದು ಕಡ್ಡಾಯ. "ನನಗ ಇಸಿಎಚ್‌ಎಸ್ ಐತಿ, ಇದ್ಯಾಕ ಕಡೀತೀರಿ" ಅಂತ ಸಂಬಳದ ದಿನ ಜಗಳ ಬರುತ್ತದೆ. ಇಸಿಎಚ್‌ಎಸ್ ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ. ಇನ್ನು ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿಗೆ ಹೋಗಿ ರೆಫರಲ್ ತರುವುದು, ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್, ಪೆನ್ಷನ್ನಿನ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಏನಾದರೂ ತಿದ್ದುಪಡಿ. ಇದಕ್ಕೆಲ್ಲ ವರ್ಷಕ್ಕೆ ಆರು ಅರ್ಧ ದಿನ ಸಂಬಳ ಸಹಿತ ಕೊಡುತ್ತೇನೆ. ಮೊದಲು ಸುಳ್ಳು ಹೇಳಿ ರಜೆ ಹಾಕುತ್ತಿದ್ದರು. ಸುಳ್ಳು ಹೇಳುವುದು ಅವರಿಗೂ ಹಿಂಸೆ. ಈಗ ಹಿಂದಿನ ದಿನವೇ ಹೇಳುತ್ತಾರೆ.

ತೋಪಖಾನೆಯಿಂದ ಬಂದ ಒಬ್ಬರಿದ್ದಾರೆ. "ಭಾಳ ಸೊಕ್ಕ ಐತ್ರಿ, ಕರದ್ರ ಓ ಅನ್ನಂಗಿಲ್ಲ" ಅಂತ ಹುಡುಗರು ದೂರು ತಂದರು. ನಾನೂ ಎರಡು ವಾರ ಹಾಗೇ ನಂಬಿದೆ. ಒಂದು ಸಂಜೆ ಫೋರ್ಕ್‌ಲಿಫ್ಟ್ ಅವರ ಹಿಂದೆ ಮೂರು ಸಲ ಹಾರ್ನ್ ಹೊಡೆಯಿತು. ಅವರು ಕದಲಲಿಲ್ಲ. ಡ್ರೈವರ್ ಬ್ರೇಕ್ ಹಾಕಿದಾಗ ನೆಲದ ಅದುರಿಗೆ ತಿರುಗಿ ನೋಡಿದರು. ಬಲಗಿವಿ ಬಹಳಷ್ಟು ಹೋಗಿತ್ತು. ಹೇಳಿದರೆ ಕೆಲಸ ಹೋಗುತ್ತದೆ ಅಂತ ಹೇಳಿರಲಿಲ್ಲ. ಫೋರ್ಕ್‌ಲಿಫ್ಟಿಗೆ ತಿರುಗುವ ಹಳದಿ ದೀಪ ಹಾಕಿಸಿದೆ, 1,800 ರೂಪಾಯಿ. ಅವರ ಮಷೀನನ್ನು ಗೋಡೆ ಬದಿಗೆ ತಿರುಗಿಸಿದೆ. ಈಗ ಎಡಗಿವಿ ದಾರಿಯ ಕಡೆಗಿದೆ. ಅದೇ ಹುಡುಗರು ಈಗ ಎದುರಿಗೆ ಬಂದು ನಿಂತು ಮಾತಾಡುತ್ತಾರೆ.

ಸೇರಿಸಿಕೊಳ್ಳುವ ಮೊದಲು ಮನೆಗೆ ಒಮ್ಮೆ ಹೋಗಿ ಬರುತ್ತೇನೆ. ಇದಕ್ಕೆ ನಮ್ಮ ಮ್ಯಾನೇಜರ್ ಮೊದಲು ಒಪ್ಪಿರಲಿಲ್ಲ. ಒಂದು ಮನೆಯಲ್ಲಿ ವೈನಿ, ಅಂದರೆ ಅವರ ಹೆಂಡತಿ, ಹೇಳಿದರು, "ಹದಿನೇಳು ವರ್ಷ ಎಲ್ಲಾ ನಾನೇ ನೋಡ್ಕೊಂಡೀನ್ರಿ. ಈಗ ಇವ್ರು ಬಂದಾರ, ಮಕ್ಕಳಿಗೆ ಇನ್ನೂ ಅಪ್ಪನ ರೂಢಿ ಆಗಿಲ್ಲ." ಆ ಮಾತು ಕೇಳಿದ ಮೇಲೆ ಮೊದಲ ಮೂರು ತಿಂಗಳು ಯಾರಿಗೂ ರಾತ್ರಿ ಶಿಫ್ಟ್ ಹಾಕುವುದಿಲ್ಲ. ಮಕ್ಕಳು ಎದ್ದಿರುವಾಗ ಅಪ್ಪ ಮನೆಯಲ್ಲಿರಲಿ.

ಟೆರಿಟೋರಿಯಲ್ ಆರ್ಮಿಯದ್ದು ಬೇರೆಯೇ ಕಥೆ. ಟಿಎ ಅಂದರೆ ನಾಗರಿಕ ನೌಕರಿ ಇಟ್ಟುಕೊಂಡೇ ಸೈನಿಕ ಆಗಿರುವುದು. ಧೋನಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಇರುವುದು ಇದರಲ್ಲೇ. ನಮ್ಮಲ್ಲಿ ಖಾನಾಪುರ ಕಡೆಯ ಒಬ್ಬ ಹುಡುಗ ಟಿಎ ತರಬೇತಿ ಕ್ಯಾಂಪಿನ ಪತ್ರ ತಂದಾಗ ನಾವು ಅದನ್ನು ಗೈರುಹಾಜರಿ ಅಂತ ಬರೆದೆವು. ವಾಪಸ್ ಬಂದಾಗ ಅವನು ಓಡಿಸುತ್ತಿದ್ದ ವಿಎಂಸಿ ಮಷೀನು ಬೇರೆಯವರ ಕೈಯಲ್ಲಿತ್ತು. ಅವನು ಬಿಟ್ಟುಹೋದ. ಆಮೇಲೆ ಕಾಯ್ದೆ ಓದಿದೆ. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಕಲಂ ಸ್ಪಷ್ಟ ಇದೆ. ಸೇವೆಗೆ ಕರೆದಾಗ ಮಾಲಕ ರಜೆ ಕೊಡಬೇಕು. ಮುಗಿದ ಮೇಲೆ ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನಲ್ಲಿ ಮತ್ತೆ ತಗೋಬೇಕು. ನಾನು ಮಾಡಿದ್ದು ಬರೀ ಅನ್ಯಾಯ ಅಲ್ಲ, ಕಾನೂನಿಗೂ ವಿರುದ್ಧ.

ಈಗ ಪ್ರತಿ ಟಿಎ ಹುಡುಗನಿಗೂ ಇಬ್ಬರು ಬದಲಿಗಳು ತಯಾರಿರುತ್ತಾರೆ. ಜನವರಿಯಲ್ಲೇ ಕ್ಯಾಂಪ್ ಯಾವ ತಿಂಗಳು ಬರಬಹುದು ಅಂತ ಅಂದಾಜು ಕೇಳಿಕೊಳ್ಳುತ್ತೇನೆ. ಹೋಗುವ 15 ದಿನ ಮೊದಲು ಮಷೀನಿನ ಅಳತೆ ಹೊಂದಿಸುವ ಆಫ್‌ಸೆಟ್, ಬಿಡಿಭಾಗ ಹಿಡಿದಿಡುವ ಫಿಕ್ಸ್ಚರ್, ಪ್ರೋಗ್ರಾಂ ಎಲ್ಲ ಬದಲಿಯವನಿಗೆ ಒಪ್ಪಿಸಬೇಕು. ಬದಲಿಯವನಿಗೆ ಆ ದಿನಗಳಿಗೆ ತಿಂಗಳಿಗೆ 2 ಸಾವಿರ ಜಾಸ್ತಿ. ಗೊಣಗಾಟ ನಿಂತಿದ್ದು ಈ 2 ಸಾವಿರದಿಂದ. ಇದನ್ನು ಮಾತ್ರ ಯಾರೂ ಬಿಡಬೇಡಿ. ಒಬ್ಬನ ದೇಶಸೇವೆಯ ಭಾರವನ್ನು ಇನ್ನೊಬ್ಬ ಪುಕ್ಕಟೆ ಹೊರಬೇಕು ಅನ್ನೋದು ಸರಿಯಲ್ಲ, ಅಲ್ವಾ?

ಇದಕ್ಕೆ ನಿಜವಾದ ಪರೀಕ್ಷೆ 2025ರ ಮೇನಲ್ಲಿ ಬಂತು. ಆಪರೇಷನ್ ಸಿಂಧೂರದ ಹೊತ್ತಿಗೆ ಟಿಎ ಕರೆಸಿಕೊಳ್ಳುವ ಅಧಿಕಾರವನ್ನು ಸರ್ಕಾರ ಭೂಸೇನೆಯ ಮುಖ್ಯಸ್ಥರಿಗೆ ಕೊಟ್ಟಿತು. ನಮ್ಮ ಹುಡುಗ ಬೆಳಗ್ಗೆ ಶಿಫ್ಟಿಗೆ ಬಂದವನು ಮಧ್ಯಾಹ್ನ ಫೋನ್ ಹಿಡಿದು ನಿಂತ. "ಸರ, ಹೋಗ್ಬೇಕಾಗ್ತದ" ಅಂದ. ಈ ಸಲ 15 ದಿನ ಎಲ್ಲಿಯದು, ಎರಡು ದಿನವೂ ಸಿಗಲಿಲ್ಲ. ಆದರೆ ಬದಲಿಯವನು ಮೂರು ವರ್ಷದಿಂದ ಅದೇ ಮಷೀನ್ ಓಡಿಸಿ ರೂಢಿ ಇದ್ದವನು. ಒಂದೇ ಒಂದು ಡಿಸ್ಪ್ಯಾಚ್ ತಪ್ಪಲಿಲ್ಲ. ಹೋದವನ ಪಿಎಫ್ ಖಾತೆ, ಹಿರಿತನ, ಗ್ರಾಚ್ಯುಟಿಯ ಸರ್ವಿಸ್ ಯಾವುದೂ ಮುರಿಯದ ಹಾಗೆ ಒಂದು ಪತ್ರ ಮಾಡಿ ಅವನ ತಂದೆಯ ಕೈಗೆ ಕೊಟ್ಟೆ. ದೀಪಾವಳಿ ಬೋನಸ್ ಮನೆಗೆ ಮುಟ್ಟಿಸಿದೆ. ಎಂಟು ತಿಂಗಳಾದ ಮೇಲೆ ಬಂದ. ಅವನ ಟೂಲ್ ಪೆಟ್ಟಿಗೆಯ ಕೀಲಿ ನನ್ನ ಡ್ರಾಯರಿನಲ್ಲೇ ಇತ್ತು.

ನಡುವೆ ಬೇರೆ ಪ್ರಯೋಗಗಳೂ ಆದವು. ಎಲ್ಲರಿಗೂ ಐದು ನಿಮಿಷದ ಬೆಳಗಿನ ಬ್ರೀಫಿಂಗ್ ಮಾಡಿದೆ. ಸೀಟಿ ಇಲ್ಲ, ಲೈನಿಲ್ಲ, ಬೋರ್ಡಿನ ಸುತ್ತ ನಿಂತು ಅಷ್ಟೇ. ಅದು ಇವತ್ತಿಗೂ ಉಳಿದಿದೆ. ಹಿಂದಿಯಲ್ಲಿ ಚೆಕ್‌ಲಿಸ್ಟ್ ಮಾಡಿ ನೋಡಿದೆ, ಹುಡುಗರು ಓದಲಿಲ್ಲ, ಕೈಬಿಟ್ಟೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಬರೀ "ಜನ ಬೇಕು" ಅಂತ ಪತ್ರ ಕೊಟ್ಟಾಗ ಗಾರ್ಡ್ ಕೆಲಸಕ್ಕೆ ಅಂದುಕೊಂಡೇ ಬಂದರು. ಟ್ರೇಡ್ ಹೆಸರು, ಸಂಬಳ, ಶಿಫ್ಟ್ ಬರೆದು ಕೊಟ್ಟ ಮೇಲೆ ಸರಿಯಾದವರು ಬಂದರು. ಈಗ ಕಣ್ಣು ನಾಲ್ಕು ವರ್ಷಕ್ಕೆ ಅಂತ ಸೇನೆಗೆ ಸೇರಿದ ಅಗ್ನಿವೀರರ ಮೇಲಿದೆ. ಮೊದಲ ಬ್ಯಾಚಿನ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಅವರಿಗೆ ಪೆನ್ಷನ್ ಇಲ್ಲ, ವಯಸ್ಸು ಚಿಕ್ಕದು, ಹೊರಗೆ ಬರುವವರೇ ಜಾಸ್ತಿ. ಎರಡು ಸೀಟು ಈಗಲೇ ಖಾಲಿ ಇಟ್ಟಿದ್ದೇನೆ.

ಪಕ್ಕದ ಮಾಲಕರಿಗೆ ಮೂರು ಷರತ್ತು ಹೇಳಿದೆ. ಗೇಟಿಗೆ ಹಾಕಬಾರದು. ಮೂರು ತಿಂಗಳು ಜೋಡಿ ಕೊಡಬೇಕು. ಪೆನ್ಷನ್ ನೋಡಿ ಸಂಬಳ ಕಡಿಮೆ ಮಾಡಬಾರದು. ಮೊದಲಿನ ಎರಡಕ್ಕೆ ಅಲ್ಲೇ ಹ್ಞೂಂ ಅಂದರು. ಮೂರನೆಯದಕ್ಕೆ "ಲೆಕ್ಕ ಹಾಕಿ ಹೇಳ್ತೀನ್ರಿ" ಅಂದಿದ್ದಾರೆ. ಹಾಕಲಿ. ಅದಕ್ಕೂ ಹ್ಞೂಂ ಅಂದ ದಿನ ಇಬ್ಬರನ್ನು ನಾನೇ ಕರೆದುಕೊಂಡು ಹೋಗಿ ಅವರ ಮುಂದೆ ಕೂರಿಸುತ್ತೇನೆ.