ಜಕ್ಕೂರಿನಂಥ ಎತ್ತರದ ರನ್‌ವೇಯಿಂದ ಹಾರುವ ಖಾಸಗಿ ಪೈಲಟ್‌ಗಳಿಗೆ

ಖಾಸಗಿ ಪೈಲಟ್ ಲೈಸೆನ್ಸ್ ಪಡೆಯಲು ನಮ್ಮ ದೇಶದಲ್ಲಿ ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಅಷ್ಟೂ ದಿನ ಇನ್‌ಸ್ಟ್ರಕ್ಟರ್ ತಮ್ಮ ಪಾಡಿಗೆ ತಾವು ಹಾಕುತ್ತಿದ್ದ ಎಷ್ಟೋ ಲೆಕ್ಕಗಳು ಲೈಸೆನ್ಸ್ ಕೈಗೆ ಬಂದ ಮರುದಿನದಿಂದ ನಮ್ಮ ಪಾಲಿಗೆ ಬರುತ್ತವೆ. ಅವುಗಳಲ್ಲಿ ಮೊದಲು ರೂಢಿಸಿಕೊಳ್ಳಬೇಕಾದದ್ದು ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ಸಾಂದ್ರತೆಗೆ ತಕ್ಕ ಎತ್ತರದ ಲೆಕ್ಕ.

ಬೆಂಗಳೂರಿನ ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದಲ್ಲಿ ಆ ಎತ್ತರದ ಉಷ್ಣಾಂಶ 9 ಡಿಗ್ರಿ ಸೆಲ್ಸಿಯಸ್ ಇರಬೇಕು. ಏಪ್ರಿಲ್ ಮಧ್ಯಾಹ್ನ ಅದು 34 ಡಿಗ್ರಿ ಇದ್ದರೆ ಹೆಚ್ಚಿರುವ 25 ಡಿಗ್ರಿಯನ್ನು 120ರಿಂದ ಗುಣಿಸಿ 3,000 ಅಡಿಗೆ ಕೂಡಿಸಬೇಕು. ಬಿಸಿಗೆ ಗಾಳಿ ತೆಳುವಾಗುವುದರಿಂದ ಆಗ ವಿಮಾನದ ಪಾಲಿಗೆ ರನ್‌ವೇ 6,000 ಅಡಿ ಎತ್ತರದಲ್ಲಿದ್ದಂತೆ. ಎತ್ತರ ತೋರುವ ಆಲ್ಟಿಮೀಟರಿನಲ್ಲಿ ಪ್ರಮಾಣಿತ ಒತ್ತಡವಾದ 1013 ಹೆಕ್ಟೊಪಾಸ್ಕಲ್ ಇಟ್ಟಾಗ ತೋರುವ ಎತ್ತರದಿಂದ ಆರಂಭಿಸಿದರೆ ಲೆಕ್ಕ ಇನ್ನೂ ನಿಖರವಾಗುತ್ತದೆ.

ಇದರ ಪರಿಣಾಮ ಟೇಕಾಫ್‌ನಲ್ಲೂ ಲ್ಯಾಂಡಿಂಗ್‌ನಲ್ಲೂ ಕಾಣುತ್ತದೆ. ವೇಗದ ಮೀಟರ್ 60 ನಾಟ್ ತೋರಿಸುವಾಗ ಗಾಳಿಯಲ್ಲಿ ವಿಮಾನದ ನಿಜವಾದ ವೇಗ 65ನ್ನು ದಾಟಿರುತ್ತದೆ. ನೆಲ ವೇಗವಾಗಿ ಹಿಂದೆ ಸರಿಯುವುದನ್ನು ಕಂಡು ಮೂತಿ ಎತ್ತುವ ಆಸೆ ಬರುವುದು ಸಹಜ, ಆದರೆ ನಂಬಬೇಕಾದದ್ದು ಮೀಟರನ್ನು. ಕೈಪಿಡಿಯ ಕೋಷ್ಟಕದಲ್ಲಿರುವ ದೂರ ಹೊಸ ವಿಮಾನದಲ್ಲಿ ಪರಿಣತ ಪೈಲಟ್ ಪಡೆದದ್ದು ಎಂಬುದನ್ನು ನೆನಪಿಟ್ಟು, ಅದರ ಒಂದೂವರೆ ಪಟ್ಟು ರನ್‌ವೇ ಸಿಗದಿದ್ದರೆ ಇಂಧನವನ್ನೋ ಜೊತೆಗಾರರನ್ನೋ ಕಡಿಮೆ ಮಾಡಿ, ಇಲ್ಲವೇ ಬೆಳಗಿನ ತಂಪಿಗೆ ಕಾಯಿರಿ. ಹೊರಡುವ ಮೊದಲೇ ರನ್‌ವೇಯ ಅರ್ಧದಲ್ಲಿ ಒಂದು ಗುರುತು ನೋಡಿಟ್ಟುಕೊಂಡು, ಅಲ್ಲಿಗೆ ತಲುಪುವಾಗ ನೆಲ ಬಿಡುವ ವೇಗದ ಶೇ. 70ರಷ್ಟು, ಅಂದರೆ 55 ನಾಟ್‌ಗೆ ಏಳುವ ವಿಮಾನವಾದರೆ ಸುಮಾರು 39 ನಾಟ್ ಬಂದಿರದಿದ್ದರೆ, ಥ್ರಾಟಲ್ ಮುಚ್ಚಿ ನಿಲ್ಲಿಸಬೇಕು. ಹಳೆಯ ಸೆಸ್ನಾ 172 ಮಾದರಿಗಳ ಕೈಪಿಡಿ 3,000 ಅಡಿಗಿಂತ ಎತ್ತರದ ನೆಲದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಅತಿ ಹೆಚ್ಚಾಗುವಂತೆ ಮಿಕ್ಸ್ಚರ್, ಅಂದರೆ ಇಂಧನ-ಗಾಳಿಯ ಮಿಶ್ರಣವನ್ನು, ತೆಳುವಾಗಿಸಲು ಹೇಳುತ್ತದೆ. ನಾವು ಆ ಗಡಿಯಲ್ಲೇ ಇರುವುದರಿಂದ ನಿಮ್ಮ ವಿಮಾನದ ಕೈಪಿಡಿಯಲ್ಲಿ ಆ ಪುಟವನ್ನು ಓದದೆ ಹಾರಬಾರದು.

ಕೌಶಲ ಹೆಚ್ಚಬೇಕಾದರೆ ಪ್ರತಿ ಹಾರಾಟಕ್ಕೂ ಒಂದೇ ಗುರಿ ಇರಲಿ: ಇಂದು ಎತ್ತರ ಗುರಿಯಿಂದ 100 ಅಡಿಗಿಂತ ಆಚೀಚೆ ಹೋಗದಂತೆ, ಮುಂದಿನ ವಾರ ಫೈನಲ್‌ನಲ್ಲಿ, ಅಂದರೆ ರನ್‌ವೇಯ ನೇರಕ್ಕೆ ಇಳಿಯುವ ಕೊನೆಯ ಹಾದಿಯಲ್ಲಿ, ವೇಗ 5 ನಾಟ್‌ಗಿಂತ ಆಚೀಚೆ ಹೋಗದಂತೆ. ತಪ್ಪಿದ್ದನ್ನು ಇಳಿದ ಕೂಡಲೇ ಬರೆದಿಡಿ, ಏಕೆಂದರೆ ಕಾಫಿ ಕುಡಿಯುವಷ್ಟರಲ್ಲಿ ನಮ್ಮ ತಪ್ಪುಗಳೆಲ್ಲ ಗಾಳಿಯ ತಪ್ಪುಗಳಾಗಿಬಿಡುತ್ತವೆ.

ರನ್‌ವೇಗೆ ಅಡ್ಡಲಾಗಿ ಹಾರುವ ಬೇಸ್‌ನಿಂದ ಫೈನಲ್‌ಗೆ ತಿರುಗುವ ಕ್ಷಣಕ್ಕೆ ವಿಶೇಷ ಗಮನ ಬೇಕು. ರನ್‌ವೇಯ ನೇರವನ್ನು ದಾಟಿ ಹೋದಾಗ ತಿರುವಿನ ಒಳಬದಿಯ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಮೂತಿಯನ್ನು ಎಳೆದುಕೊಳ್ಳುವುದು, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಟಾಲ್‌ಗೂ ಸುತ್ತುತ್ತ ಬೀಳುವ ಸ್ಪಿನ್‌ಗೂ ದಾರಿ, ಆ ಎತ್ತರದಲ್ಲಿ ಚೇತರಿಸಿಕೊಳ್ಳಲು ಜಾಗವಿರುವುದಿಲ್ಲ. ಎತ್ತರ ಬಿಡದೆ 45 ಡಿಗ್ರಿ ವಾಲಿದರೆ ಸ್ಟಾಲ್ ವೇಗ ಶೇ. 19ರಷ್ಟು, 60 ಡಿಗ್ರಿ ವಾಲಿದರೆ ಶೇ. 41ರಷ್ಟು ಏರುತ್ತದೆ. ಆದ್ದರಿಂದ ಸರ್ಕ್ಯೂಟ್‌ನಲ್ಲಿ, ಅಂದರೆ ಇಳಿಯಲು ರನ್‌ವೇಯ ಸುತ್ತ ಹಾರುವ ಹಾದಿಯಲ್ಲಿ, 30 ಡಿಗ್ರಿಯನ್ನು ಮೀರದೆ, ನೇರ ತಪ್ಪಿದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ, ಅಂದರೆ ಗೋ-ಅರೌಂಡ್ ಮಾಡಿ. ಗೋ-ಅರೌಂಡನ್ನು ಸೋಲೆಂದು ಎಣಿಸುವವರೇ ಅದನ್ನು ತಡವಾಗಿ ಮಾಡುವುದು. ಹತ್ತು ಲ್ಯಾಂಡಿಂಗ್‌ಗೆ ಎರಡಾದರೂ ಗೋ-ಅರೌಂಡ್ ಅಭ್ಯಾಸವಿರಲಿ.

ಜುಲೈ ತಿಂಗಳ ಅಪಾಯ ಬೇರೆ. ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲಿದ್ದು ಗಾಳಿ ತೇವವಾಗಿದ್ದರೆ, ಹೊರಗೆ ಹಿಮದ ಸುಳಿವಿಲ್ಲದಿದ್ದರೂ ಇಂಧನವನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿನೊಳಗೆ ಮಂಜುಗಡ್ಡೆ ಕಟ್ಟಬಹುದು. ಕಾರಣವಿಲ್ಲದೆ ಆರ್‌ಪಿಎಂ ಇಳಿದರೆ ಕಾರ್ಬ್ಯುರೇಟರ್ ಹೀಟನ್ನು ಪೂರ್ತಿ ಎಳೆಯಿರಿ. ಆರ್‌ಪಿಎಂ ಮತ್ತಷ್ಟು ಕುಸಿದು ಎಂಜಿನ್ ಒರಟಾಗಿ ಓಡಿದರೂ ಗಾಬರಿಯಿಂದ ಹೀಟನ್ನು ಮುಚ್ಚಬೇಡಿ, ಏಕೆಂದರೆ ಕರಗಿದ ನೀರು ಎಂಜಿನ್ನಿಗೆ ಹೋಗುವಾಗ ಹಾಗೇ ಆಗುತ್ತದೆ.

ಮೋಡದೊಳಗೆ ಸಿಲುಕಿದರೆ ಕಿವಿಯ ಸಮತೋಲನ ಸುಳ್ಳು ಹೇಳತೊಡಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ 1954ರ ಪ್ರಯೋಗದಲ್ಲಿ ಮೀಟರ್ ನೋಡಿ ಹಾರುವ ತರಬೇತಿಯಿಲ್ಲದ 20 ಪೈಲಟ್‌ಗಳು ಸರಾಸರಿ 178 ಸೆಕೆಂಡುಗಳಲ್ಲಿ ನಿಯಂತ್ರಣ ಕಳೆದುಕೊಂಡರು. ಇನ್‌ಸ್ಟ್ರಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊರಗಿನದು ಕಾಣದಂತೆ ಹುಡ್ ಧರಿಸಿ, ಎತ್ತರ ಬಿಡದೆ ಹಿಂದಕ್ಕೆ ತಿರುಗುವುದನ್ನು ಕೆಲವು ತಿಂಗಳಿಗೊಮ್ಮೆ ಅಭ್ಯಾಸ ಮಾಡಿ. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಬಂದ ದಾರಿಗೆ ಮರಳಲು 60 ಸೆಕೆಂಡು ಸಾಕು.