ನಿಂತು ಜೋಡಿಸಬೇಡಿ, ಕುಳಿತು ನೋಡಿ

ಶೋಕೇಸ್ ಜೋಡಿಸುವವರೆಲ್ಲ ನಿಂತೇ ಜೋಡಿಸುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿ, ಚೆನ್ನಾಯಿತು ಎಂದು ಬಾಗಿಲು ಮುಚ್ಚುತ್ತಾರೆ. ಆ ವಸ್ತುಗಳನ್ನು ದಿನವೂ ನೋಡುವವರು ಮಾತ್ರ ಕುರ್ಚಿಯಲ್ಲಿ ಕುಳಿತಿರುತ್ತಾರೆ. ನಿಂತವರ ಕಣ್ಣು ನೆಲದಿಂದ ಸುಮಾರು 150 ಸೆಂ.ಮೀ. ಎತ್ತರದಲ್ಲಿರುತ್ತದೆ, ಕುಳಿತವರದು 110–120 ಸೆಂ.ಮೀ.ಗೆ ಇಳಿಯುತ್ತದೆ. ನಮ್ಮ ಅತ್ತೆಯವರು ಕೂರುವ ತಗ್ಗಿನ ಕುರ್ಚಿಯಿಂದಂತೂ ಇನ್ನೂ ಕೆಳಗೆ. ಈ ಒಂದಡಿಯ ಅಂತರವನ್ನು ಮರೆತು ಮಾಡಿದ ಯಾವ ಜೋಡಣೆಯೂ ನನಗೆ ಹಿಡಿಸುವುದಿಲ್ಲ.

ಆದ್ದರಿಂದ ಮೊದಲು ಕಪಾಟು ಪೂರ್ತಿ ಖಾಲಿ ಮಾಡಿ. ನೆಲಕ್ಕೆ ದಪ್ಪನೆಯ ಬಟ್ಟೆ ಹಾಸಿ ಎಲ್ಲವನ್ನೂ ಅದರ ಮೇಲಿಡಿ. ಬಳಿಕ ಮನೆಯವರು ಹೆಚ್ಚಾಗಿ ಕೂರುವ ಜಾಗದಲ್ಲಿ ಹೋಗಿ ಕುಳಿತುಕೊಳ್ಳಿ. ಇನ್ನೊಬ್ಬರಿಗೆ ಕಪಾಟಿನ ಚೌಕಟ್ಟಿನ ಮೇಲೆ ಬೆರಳು ಜಾರಿಸಲು ಹೇಳಿ, ನಿಮ್ಮ ಕಣ್ಣಿನ ನೇರಕ್ಕೆ ಬಂದಾಗ ನಿಲ್ಲಿಸಿ ಅಲ್ಲೊಂದು ಕಾಗದದ ಚೂರು ಅಂಟಿಸಿ. ಅದಕ್ಕೆ ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ: ಇಡೀ ಕಪಾಟಿನಲ್ಲಿ ಇದೇ ಮೇಲಾದ ಜಾಗ.

ಇಲ್ಲಿ ದೊಡ್ಡ ವಸ್ತು ಬೇಡ, ಸೂಕ್ಷ್ಮ ಕೆಲಸವಿರುವ ಚಿಕ್ಕವು ಬರಲಿ. ನಮ್ಮಲ್ಲಿ ಆ ಜಾಗ ಅಂಗೈಯಷ್ಟೇ ಇರುವ ಮಣ್ಣಿನ ಕುದುರೆಯದು. ದೊಡ್ಡಮ್ಮ ಕೊಟ್ಟದ್ದು. ಅದರ ಕುತ್ತಿಗೆಯ ಬುಡದಲ್ಲಿ, ಹಸಿಮಣ್ಣನ್ನು ಒತ್ತಿ ಕೂಡಿಸಿದ ಹೆಬ್ಬೆರಳಿನ ಗುರುತಿದೆ. ಹತ್ತಿರದಿಂದ ನೋಡಿದರೆ ಚರ್ಮದ ಗೆರೆಗಳೂ ಕಾಣುತ್ತವೆ. ಕೇಸರವನ್ನು ಕಡ್ಡಿಯಿಂದ ಗೀರಿದ್ದಾರೆ, ಎಡಗಡೆ ಗೀರು ಆಳ, ಬಲಗಡೆ ತೆಳು. ಮೇಲಿನ ಹಲಗೆಗೇರಿಸಿದರೆ ಇದರ ಗದ್ದ, ಹೊಟ್ಟೆ ಬಿಟ್ಟು ಬೇರೇನೂ ಕಾಣದು.

ಕಣ್ಣಿಗಿಂತ ಕೆಳಗಿನ ಹಲಗೆಗಳಿಗೆ, ಮೇಲಿನಿಂದ ನೋಡಿದಾಗ ಚೆಂದ ಕಾಣುವವನ್ನು ಇಡಿ: ಮುಚ್ಚಳದ ಮೇಲೆ ಕೆತ್ತನೆಯಿರುವ ಪೆಟ್ಟಿಗೆ, ಅಗಲಬಾಯಿಯ ಬಟ್ಟಲು, ಶಂಖ, ಚಿತ್ರವಿರುವ ಪಿಂಗಾಣಿ ತಟ್ಟೆ. ಮೇಲಿನ ಹಲಗೆಗಳಿಗೆ ಹೊರರೇಖೆಯಿಂದಲೇ ಗುರುತಾಗುವವು ಸಾಕು: ಉದ್ದ ಕತ್ತಿನ ಹೂಜಿ, ರೆಕ್ಕೆ ಬಿಚ್ಚಿದ ಹಕ್ಕಿ. ಎತ್ತರದಲ್ಲಿರುವುದನ್ನು ಹಿಂದಕ್ಕೆ ತಳ್ಳಿದರೆ ಹಲಗೆಯ ಅಂಚು ಅದರ ಪಾದವನ್ನು ನುಂಗಿಬಿಡುತ್ತದೆ, ಅದಕ್ಕೇ ಮುಂದಕ್ಕೆ ತನ್ನಿ. ಕೆಳಗಿನವನ್ನು ತುಸು ಹಿಂದಕ್ಕೆ ಸರಿಸಿದರೂ ನಡೆಯುತ್ತದೆ. ಮುಂದಕ್ಕೆ ತಂದದ್ದು ಬೀಳಬಾರದಲ್ಲ. ಭೂಕಂಪವಾಗುವ ಪ್ರದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ತಳಕ್ಕೆ ಮೃದುವಾದ ಮೇಣದ ಚಿಕ್ಕ ಉಂಡೆಗಳನ್ನು ಒತ್ತಿ ಕೂರಿಸುತ್ತಾರೆ, ಮನೆಯಲ್ಲೂ ಹಾಗೆ ಮಾಡಬಹುದು. ತಳ ಕಿರಿದಾದ ಹೂದಾನಿಗೆ ಒಂದು ಹಿಡಿ ಒಣಮರಳು ತುಂಬಿದರೆ ಅಲ್ಲಾಡುವುದಿಲ್ಲ.

ಇನ್ನು ಯಾವುದರ ಪಕ್ಕ ಯಾವುದು ಎಂಬ ಪ್ರಶ್ನೆ. ಕೆಲವರಿಗೆ ಎರಡು ಬದಿಗೂ ಒಂದೇ ಬಗೆಯ ಜೋಡಿ ಇರಬೇಕು. ಕೆಲವರು ಬಣ್ಣ ನೋಡಿ ಗುಂಪು ಮಾಡುತ್ತಾರೆ. ನಮ್ಮ ತಂದೆ ಯಾವುದನ್ನು ಯಾರು ಕೊಟ್ಟರೆಂದು ನೆನಪಿಟ್ಟು, ಒಂದು ಮನೆಯಿಂದ ಬಂದವನ್ನೆಲ್ಲ ಒಟ್ಟಿಗಿಡುತ್ತಿದ್ದರು. ಇವೆಲ್ಲವೂ ನನಗೆ ಒಪ್ಪಿಗೆ. ಒಪ್ಪಲಾಗದ್ದು ಒಂದೇ, ಶಾಲೆಯ ಗ್ರೂಪ್ ಫೋಟೋದ ಹಾಗೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುವುದು. ಕಣ್ಣು ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರಿ ಹೋಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ.

ಮೂರು ವಸ್ತುಗಳಿದ್ದರೆ ಎತ್ತರದ್ದನ್ನು ಹಿಂದೆ, ನಡುವಿಗಿಂತ ಸ್ವಲ್ಪ ಬದಿಗೆ ಇಡಿ. ಎರಡನೆಯದು ಅದರ ಮೂರನೇ ಒಂದು ಭಾಗವನ್ನು ಮರೆಮಾಡಲಿ. ಮೂರನೆಯದು ಬೇರೆಯಾಗಿ, ಸ್ಪಷ್ಟವಾಗಿ ದೂರ ನಿಲ್ಲಲಿ. ಒಂದರ ಅಂಚು ಇನ್ನೊಂದರ ಅಂಚಿಗೆ ತಾಗಿತೋ ಇಲ್ಲವೋ ಎಂಬಂತೆ ಇಟ್ಟರೆ ನೋಡುವವರಿಗೆ ಇರುಸುಮುರುಸು. ಮರೆಯಾದರೆ ಸ್ಪಷ್ಟವಾಗಿ ಮರೆಯಾಗಲಿ, ಬಿಟ್ಟರೆ ಸ್ಪಷ್ಟವಾಗಿ ಬಿಡಲಿ. ಇಟಲಿಯ ಚಿತ್ರಕಾರ ಜಾರ್ಜಿಯೊ ಮೊರಾಂಡಿ (1890–1964) ಮಾತ್ರ ಬೇಕೆಂದೇ ಅಂಚಿಗೆ ಅಂಚು ಹೊಂದಿಸುತ್ತಿದ್ದರು. ಬೊಲೊನ್ಯಾದ ಮನೆಯಲ್ಲಿ ಅವೇ ಬಾಟಲಿ, ಅವೇ ಹೂಜಿ, ಅವೇ ಡಬ್ಬಿಗಳನ್ನು ಸರಿಸಿ ಸರಿಸಿ ದಶಕಗಳ ಕಾಲ ಚಿತ್ರ ಬರೆದವರು ಅವರು. ಅವರ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ: ಬಾಟಲಿಯನ್ನು ಒಂದು ಬೆರಳಷ್ಟು ಸರಿಸಿದರೆ ಏನಾಗುತ್ತದೆ ಎಂಬುದನ್ನು ಯಾವ ಪಾಠಕ್ಕಿಂತ ಚೆನ್ನಾಗಿ ಅವು ತಿಳಿಸುತ್ತವೆ.

ಬೆಳಕನ್ನೂ ಕುಳಿತೇ ಗಮನಿಸಬೇಕು. ಉಬ್ಬುತಗ್ಗಿರುವ ಮಣ್ಣು, ಮರ, ಕಲ್ಲಿನ ವಸ್ತುಗಳಿಗೆ ಪಕ್ಕದಿಂದ ಬೆಳಕು ಬೀಳಲಿ, ಆಗ ಪ್ರತಿ ಗೀರಿಗೂ ನೆರಳು ಹುಟ್ಟುತ್ತದೆ. ಎದುರಿನಿಂದ ಬಿದ್ದ ಬೆಳಕು ಎಲ್ಲವನ್ನೂ ಚಪ್ಪಟೆಯಾಗಿಸುತ್ತದೆ. ಬಣ್ಣದ ಗಾಜಿಗೆ ಬೆಳಕು ಹಿಂದಿನಿಂದ ಬರಬೇಕು, ಹಿತ್ತಾಳೆಗೆ ಹಿಂದೆ ಗಾಢ ಬಣ್ಣವಿರಬೇಕು. ಆದರೆ ಬಟ್ಟೆಯ ಗೊಂಬೆ, ಕಾಗದದ ಕೆಲಸ, ಹಕ್ಕಿಯ ಗರಿ ಇವನ್ನು ಕಿಟಕಿಯ ಬಳಿ ಇಡಲೇಬೇಡಿ. ವಸ್ತುಸಂಗ್ರಹಾಲಯಗಳು ಇಂಥವಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಬೆಳಕಷ್ಟೇ ಕೊಡುತ್ತವೆ. ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟಬಹುದು. ಕಿಟಕಿಯ ಗಾಜು ಅತಿನೇರಳೆ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಕಳೆಯುತ್ತದೆ. ಮಾಸಿದ ಬಣ್ಣ ಮತ್ತೆ ಬಾರದು. ಕಪಾಟಿನೊಳಗೆ ದೀಪ ಬೇಕೆಂದರೆ ಎಲ್‌ಇಡಿ ಹಾಕಿಸಿ, ಅದರಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ.

ಬೆಳ್ಳಿಯ ಕೆಳಗೆ ರಬ್ಬರ್ ಹಾಸಬೇಡಿ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಹತ್ತಿಬಟ್ಟೆ ಸಾಕು. ಹಿತ್ತಾಳೆಯನ್ನು ಮುಟ್ಟಿದ ಬಳಿಕ ಒಣಬಟ್ಟೆಯಿಂದ ಒರೆಸಿಬಿಡಿ, ಇಲ್ಲವಾದರೆ ಬೆವರಿನ ಉಪ್ಪು ಬೆರಳ ಗುರುತನ್ನು ಅಲ್ಲೇ ಅಚ್ಚೊತ್ತುತ್ತದೆ. ಪದೇ ಪದೇ ಪಾಲಿಶ್ ಉಜ್ಜುವುದು ಒಳ್ಳೆಯದಲ್ಲ. ಪ್ರತಿ ಸಲವೂ ತುಸು ಲೋಹ ಸವೆಯುತ್ತದೆ, ಕೆತ್ತನೆಯ ಮೊನೆಗಳು ಮೊಂಡಾಗುತ್ತವೆ.

ಧೂಳಿನ ವಿಷಯದಲ್ಲಿ ನನ್ನದು ಒಂದೇ ಹಟ: ಒಂದೇ ಸಲಕ್ಕೆ ಕೂತು ಒರೆಸಿ ಮುಗಿಸಲು ಎಷ್ಟು ಆಗುತ್ತದೋ ಅಷ್ಟೇ ಹೊರಗಿರಬೇಕು. ಸಂದುಗಳಿಗೆ ಬಣ್ಣ ಬಳಿಯುವ ಮೃದುವಾದ ಕುಂಚ ಬಳಸಿ. ಮೆರುಗು ಹಾಕದ ಮಣ್ಣಿಗೂ ಚಿನ್ನದ ಗೆರೆಯಿರುವ ಪಿಂಗಾಣಿಗೂ ಒದ್ದೆ ಬಟ್ಟೆ ಸೋಕಿಸಬೇಡಿ. ಇಳಿಸುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಮತ್ತೆ ಜೋಡಿಸುವಾಗ ಗೊಂದಲವಿಲ್ಲ. ಚಿತ್ರವನ್ನು ಕುರ್ಚಿಯಲ್ಲಿ ಕುಳಿತೇ ತೆಗೆಯಿರಿ.

ಲಂಡನ್ನಿನಲ್ಲಿ ವಾಸ್ತುಶಿಲ್ಪಿ ಜಾನ್ ಸೋನ್ ಅವರ ಮನೆಯಿದೆ. ತಾವು ಜೋಡಿಸಿದ ವಸ್ತುಗಳು ತಮ್ಮ ನಂತರವೂ ಆದಷ್ಟು ಹಾಗೆಯೇ ಉಳಿಯಲಿ ಎಂದು ಅವರು 1833ರಲ್ಲಿ ಸಂಸತ್ತಿನಿಂದಲೇ ಕಾಯ್ದೆ ಮಾಡಿಸಿದರು. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಜನ ವಾಸಿಸುವ ಮನೆಯಲ್ಲಿ ಕುರ್ಚಿ ಜಾಗ ಬದಲಿಸುತ್ತದೆ, ಮಕ್ಕಳು ಎತ್ತರವಾಗುತ್ತಾರೆ, ಕಣ್ಣಿನ ನೇರ ಸರಿಯುತ್ತಲೇ ಇರುತ್ತದೆ. ಕುರ್ಚಿ ಸರಿದಾಗಲೆಲ್ಲ ಕಾಗದದ ಚೂರನ್ನು ಹೊಸದಾಗಿ ಅಂಟಿಸಿ, ಒಂದೆರಡು ಹಲಗೆಗಳನ್ನಾದರೂ ಬದಲಿಸಿ. ಸದ್ಯಕ್ಕೆ ಬೇಡವಾದವನ್ನು ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ. ಪತ್ರಿಕೆಯ ಹಾಳೆ ಬೇಡ, ಶಾಯಿ ಅಂಟುತ್ತದೆ. ಪ್ರತಿಯೊಂದರ ಜೊತೆಗೂ ಕೊಟ್ಟವರ ಹೆಸರು ಬರೆದ ಚೀಟಿಯಿರಲಿ. ಭಾರವಾದವು ಪೆಟ್ಟಿಗೆಯ ತಳಕ್ಕೆ, ಗಾಜು ಮೇಲಕ್ಕೆ.