ಎಂಎಸ್ ಇದ್ದವರು ಹೋಮಿಯೋಪತಿಗೆ ಹೋಗುವ ಮುಂಚೆ

ಆ ವರ್ಷ ದೀಪಾವಳಿಯ ಎಣ್ಣೆಸ್ನಾನ ಮುಗಿಸಿ ಬಚ್ಚಲಿನಿಂದ ಹೊರಗೆ ಬಂದರೆ ಬಲಗಣ್ಣಿಗೆ ಮಂಜು ಕವಿದ ಹಾಗಾಗಿತ್ತು. ಹಂಡೆ ತುಂಬ ಸುಡುಸುಡು ನೀರು. ಅಮ್ಮ ಬೇಡವೆಂದರೂ ಬಿಡದೆ ನಾಲ್ಕು ಚೊಂಬು ಜಾಸ್ತಿಯೇ ಹೊಯ್ದಿದ್ದರು. ಒಲೆಯ ಹೊಗೆ ಇರಬೇಕು ಅಂದುಕೊಂಡು ಫ್ಯಾನಿನ ಕೆಳಗೆ ಕೂತೆ. ಅರ್ಧ ಗಂಟೆಯಲ್ಲಿ ಸರಿಹೋಯಿತು.

ಅದಕ್ಕೂ ಎರಡು ತಿಂಗಳ ಹಿಂದೆ ಅದೇ ಕಣ್ಣು ಆಚೀಚೆ ಹೊರಳಿಸಿದರೆ ನೋಯುತ್ತಿತ್ತು. ಎಡಗಣ್ಣು ಮುಚ್ಚಿ ನೋಡಿದರೆ ಅಂಗಳದ ಕೆಂಪು ದಾಸವಾಳ ಬಿಸಿಲಿಗೆ ಒಣಗಿಸಿ ಬಣ್ಣ ಹೋದ ಬಟ್ಟೆಯ ಹಾಗೆ ಕಾಣುತ್ತಿತ್ತು. ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಸುಮ್ನೆ ಇದ್ದೆ. ಎರಡೂ ಒಂದೇ ಕಥೆಯ ತುಂಡುಗಳು ಅಂತ ಗೊತ್ತಾಗಿದ್ದು ಮಂಗಳೂರಿನಲ್ಲಿ ಎಂಆರ್‌ಐ ಆದ ಮೇಲೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಎಂಎಸ್.

ನಮ್ಮ ಮೈಯ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿನ ಮಯಲಿನ್ ಅನ್ನುವ ಹೊದಿಕೆಯನ್ನು ಕೆರೆದು ಹಾಕುತ್ತದೆ. ವಯರಿನ ಪ್ಲಾಸ್ಟಿಕ್ ಹೋದ ಹಾಗೆ. ಅಂಥ ನರಕ್ಕೆ ಮೈ ಬಿಸಿಯಾದರೆ ಕೆಲಸ ಇನ್ನೂ ಕಷ್ಟ. ಇದಕ್ಕೆ ಉಟ್‌ಹಾಫ್ ಲಕ್ಷಣ ಅನ್ನುತ್ತಾರೆ. ಎಂಆರ್‌ಐ ಬರುವ ಮುಂಚೆ ಡಾಕ್ಟರುಗಳು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿಯೇ ಈ ಕಾಯಿಲೆಯ ಪರೀಕ್ಷೆ ಮಾಡುತ್ತಿದ್ದರಂತೆ. ನಮ್ಮಮ್ಮ ಗೊತ್ತಿಲ್ಲದೆ ಅದನ್ನೇ ಮಾಡಿದ್ದರು.

ನೀವು ಗಮನಿಸಬೇಕಾದ ಲಕ್ಷಣಗಳು ಇನ್ನೂ ಇವೆ. ಕಸ ಗುಡಿಸಲು ತಲೆ ಬಗ್ಗಿಸಿದಾಗ ಕುತ್ತಿಗೆಯಿಂದ ಬೆನ್ನಿಗೆ ಕರೆಂಟ್ ಹೊಡೆದ ಹಾಗಾಗುವುದು. ಎದೆ, ಹೊಟ್ಟೆಯ ಸುತ್ತ ಬೆಲ್ಟ್ ಬಿಗಿದ ಹಾಗಿರುವುದು. ಕೈಕಾಲು ಜೋಮು ಹಿಡಿದು ಬಿಡದೇ ಇರುವುದು. ಒಂದು ವಸ್ತು ಎರಡಾಗಿ ಕಾಣುವುದು. ಮೂತ್ರ ಬಂತೆಂದರೆ ತಡೆಯಲಾಗದೆ ಓಡುವುದು. ಮತ್ತೆ ಆ ಸುಸ್ತು! ಎಂಟು ಗಂಟೆ ಮಲಗಿ ಎದ್ದರೂ ಹಲ್ಲುಜ್ಜುವಷ್ಟರಲ್ಲಿ ಮತ್ತೆ ಮಲಗಬೇಕು ಅನ್ನಿಸುತ್ತದೆ. ನೋಡುವವರಿಗೆ ಅದು ಸೋಮಾರಿತನ.

ಇವೆಲ್ಲ ಇದ್ದರೆ ಎಂಎಸ್ಸೇ ಅಂತ ಹೆದರಬೇಡಿ. ಬಿ12 ಕಮ್ಮಿಯಾದರೂ ಜೋಮು ಬರುತ್ತದೆ, ಸಸ್ಯಾಹಾರಿಗಳು ಅದನ್ನು ಮೊದಲು ನೋಡಿಸಿಕೊಳ್ಳಬೇಕು. ಎಂಎಸ್ ಹೌದೋ ಅಲ್ಲವೋ ಅಂತ ಹೇಳಬೇಕಾದವರು ನರರೋಗ ತಜ್ಞರು. ಅದು ಖಚಿತವಾಗುವ ತನಕ ಬೇರೆ ಯಾವ ಪದ್ಧತಿಯ ಬಾಗಿಲನ್ನೂ ತಟ್ಟಬೇಡಿ.

ಇನ್ನು ಹೋಮಿಯೋಪತಿ. ನಮ್ಮ ಕಡೆ ಇದು ಹೊಸತಲ್ಲ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿದ್ದರು. ನಮ್ಮ ದೊಡ್ಡಪ್ಪನ ಮನೆಯಲ್ಲಿ ಶೀತಕ್ಕೂ ಬಿಳಿ ಗುಳಿಗೆ, ಪರೀಕ್ಷೆಯ ಹೆದರಿಕೆಗೂ ಬಿಳಿ ಗುಳಿಗೆ. ಹಾಗಾಗಿ ನಾನೂ ಹೋದೆ. ಅಲ್ಲಿನ ಡಾಕ್ಟರು ಮುಕ್ಕಾಲು ಗಂಟೆ ಮಾತಾಡಿಸಿದರು. ಉಪ್ಪು ಇಷ್ಟವಾ, ಕನಸಿನಲ್ಲಿ ಏನು ಕಾಣುತ್ತದೆ, ಅಳು ಬಂದಾಗ ಯಾರಾದರೂ ಹತ್ತಿರ ಇರಬೇಕಾ. ನಾಲ್ಕು ನಿಮಿಷದಲ್ಲಿ ಚೀಟಿ ಬರೆದು ಕಳಿಸಿದವರನ್ನು ನೋಡಿ ಬಂದವಳಿಗೆ ಅದೇ ಅರ್ಧ ಮದ್ದು. ಕಾಸ್ಟಿಕಂ, ಜೆಲ್ಸೀಮಿಯಂ, ಕೋನಿಯಂ, ಇವು ನಮ್ಮಂಥವರ ಬಾಯಲ್ಲಿ ಜಾಸ್ತಿ ಓಡಾಡುವ ಗುಳಿಗೆಗಳ ಹೆಸರುಗಳು.

ಆದರೆ ಲೆಕ್ಕ ಗೊತ್ತಿರಲಿ. ಹೆಸರಿನ ಮುಂದೆ 30ಸಿ ಅಂತ ಬರೆದಿರುತ್ತದಲ್ಲ, ಅದು ಪೊಟೆನ್ಸಿ, ಎಷ್ಟು ತೆಳುಮಾಡಿದ್ದಾರೆ ಅನ್ನುವ ಲೆಕ್ಕ. 30ಸಿ ಅಂದರೆ ಮೂಲ ವಸ್ತುವಿನ ಒಂದು ಹನಿಯನ್ನು ತೊಂಬತ್ತೊಂಬತ್ತು ಹನಿ ನೀರು ಅಥವಾ ಸ್ಪಿರಿಟ್‌ನಲ್ಲಿ ಬೆರೆಸಿ, ಅದರ ಒಂದು ಹನಿಯನ್ನು ಮತ್ತೆ ಅಷ್ಟರಲ್ಲೇ, ಹೀಗೆ ಮೂವತ್ತು ಸಲ. ಸುಮಾರು ಹನ್ನೆರಡನೇ ಸಲದ ಹೊತ್ತಿಗೇ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವ ಸಾಧ್ಯತೆ ಇರುವುದಿಲ್ಲ. ಆಸ್ಟ್ರೇಲಿಯಾದ ಸರ್ಕಾರಿ ವೈದ್ಯ ಸಂಶೋಧನಾ ಮಂಡಳಿ 2015ರಲ್ಲಿ ನೂರಾರು ಅಧ್ಯಯನಗಳನ್ನು ಜಾಲಾಡಿ, ಯಾವ ಕಾಯಿಲೆಗೂ ಇದು ಕೆಲಸ ಮಾಡುತ್ತದೆ ಅನ್ನಲು ನಂಬುವಂಥ ಪುರಾವೆ ಇಲ್ಲ ಅಂದಿತು. ಎಂಎಸ್ಸನ್ನು ಗುಳಿಗೆ ತಡೆಯುತ್ತದೆ ಅಂತ ನಾನೂ ಈಗ ನಂಬುವುದಿಲ್ಲ.

ಹಾಗಾದರೆ ವಾಸಿಯಾಯಿತು ಅನ್ನುವವರೆಲ್ಲ ಸುಳ್ಳು ಹೇಳುತ್ತಾರಾ? ಇಲ್ಲ. ಹೆಚ್ಚಿನವರಿಗೆ ಎಂಎಸ್ ಬಂದು ಹೋಗುವ ಕಾಯಿಲೆಯಾಗಿಯೇ ಶುರುವಾಗುತ್ತದೆ. ದಾಳಿ ಬರುತ್ತದೆ, ಕೆಲವು ವಾರಗಳಲ್ಲಿ ತನ್ನಷ್ಟಕ್ಕೆ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಕೈಯಲ್ಲಿ ಯಾವ ಮದ್ದು ಇರುತ್ತದೋ ಹೆಸರು ಅದಕ್ಕೆ. ನ್ಯೂರಾಲಜಿಸ್ಟ್ ಕೊಡುವ ಮಾತ್ರೆಯ ಪಾಡು ಉಲ್ಟಾ. ಮುಂದಿನ ದಾಳಿ ಬಾರದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಬಾರದೇ ಇರುವುದು ಯಾರ ಕಣ್ಣಿಗೆ ಬೀಳುತ್ತದೆ, ಹೇಳಿ?

ನಾನು ಎಡವಿದ್ದು ಇಲ್ಲೇ. ನನಗೆ ದಾಳಿ ತಡೆಯಲು ಫಿಂಗೋಲಿಮೋಡ್ ಅನ್ನುವ ಮದ್ದು ಕೊಟ್ಟಿದ್ದರು. ಮೊದಲ ಕ್ಯಾಪ್ಸೂಲ್ ನುಂಗಿಸಿ ಆರು ಗಂಟೆ ಆಸ್ಪತ್ರೆಯಲ್ಲೇ ಮಲಗಿಸಿ ಎದೆಬಡಿತ ನೋಡಿದ್ದರು. ಅಷ್ಟು ಜೋರಿನ ಮದ್ದು ಯಾಕೆ, ಗುಳಿಗೆಯಲ್ಲೇ ಆರಾಮಿದ್ದೇನಲ್ಲ ಅಂತ ನಾನಾಗಿಯೇ ನಿಲ್ಲಿಸಿದೆ. ಆ ಮದ್ದು ರಕ್ತದ ಕೆಲವು ಬಿಳಿಕಣಗಳನ್ನು ಕೂಡಿಹಾಕಿ ಇಡುತ್ತದೆ. ತಟಕ್ಕನೆ ಬಿಟ್ಟರೆ ಕೊಟ್ಟಿಗೆಯ ಬಾಗಿಲು ತೆಗೆದ ಹಾಗೆ, ಕೆಲವರಿಗೆ ಮೊದಲಿಗಿಂತ ಜೋರಾಗಿ ದಾಳಿ ಬರುತ್ತದೆ. ಮೂರನೇ ತಿಂಗಳು ಪುತ್ತೂರು ಪೇಟೆಯಲ್ಲಿ ನನ್ನ ಎಡಗಾಲಿನ ಚಪ್ಪಲಿ ಹಿಂದೆ ಉಳಿದಿತ್ತು, ನಾನು ಹತ್ತು ಹೆಜ್ಜೆ ಮುಂದೆ ಹೋಗಿದ್ದೆ. ಪಕ್ಕದ ಹೂವಿನವಳು ಕರೆದು, 'ಅಕ್ಕಾ, ಚಪ್ಪಲಿ' ಅಂದಾಗಲೇ ತಿಳಿದದ್ದು.

ಆಗಲೂ ಹನ್ನೊಂದು ದಿನ ಕಾದೆ. ಹೋಮಿಯೋಪತಿಯಲ್ಲಿ ಒಂದು ಮಾತಿದೆ: ಮದ್ದು ಹಿಡಿದರೆ ಮೊದಲು ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ಎಂಎಸ್ ಇದ್ದವರು ಈ ಮಾತನ್ನು ಕಿವಿಗೇ ಹಾಕಿಕೊಳ್ಳಬಾರದು. ಜ್ವರ, ಸೋಂಕು ಇಲ್ಲದೆ ಹೊಸ ತೊಂದರೆ 24 ಗಂಟೆ ದಾಟಿತೋ, ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿ. ಉರಿಮೂತ್ರ, ಜ್ವರ ಇದ್ದರೂ ಹಳೆಯ ಲಕ್ಷಣ ತಲೆಯೆತ್ತುತ್ತದೆ, ಆಗ ಮೂತ್ರ ಪರೀಕ್ಷೆ ಮೊದಲು. ನನಗೆ ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಕಾಲು ಮುಕ್ಕಾಲು ಪಾಲು ವಾಪಸ್ ಬಂತು, ಉಳಿದದ್ದು ಬರಲಿಲ್ಲ.

ಗುಳಿಗೆ ಬೇಕೇ ಬೇಕು ಅನ್ನಿಸಿದರೆ ಹೀಗೆ ಮಾಡಿ. ನರದ ಮಾತ್ರೆಯ ಒಂದು ಡೋಸನ್ನೂ ಅದಕ್ಕಾಗಿ ತಪ್ಪಿಸಬೇಡಿ. ಬಾಟಲಿಯ ಮೇಲೆ ಹೆಸರು, ಪೊಟೆನ್ಸಿ ಬರೆಸಿಕೊಳ್ಳಿ. ಲೇಬಲ್ ಇಲ್ಲದ ಪುಡಿ ಬೇಡ, ಒಳಗೆ ಸ್ಟೀರಾಯ್ಡ್ ಬೆರೆಸಿದ್ದರೂ ನಿಮಗೆ ತಿಳಿಯುವುದಿಲ್ಲ. ಮದರ್ ಟಿಂಕ್ಚರ್ ಅಂದರೆ ಗಿಡದ ನಿಜವಾದ ಸಾರ, ಅದನ್ನು ನ್ಯೂರಾಲಜಿಸ್ಟ್‌ಗೆ ಹೇಳದೆ ಮುಟ್ಟಬೇಡಿ. 'ಇಮ್ಯುನಿಟಿ ಹೆಚ್ಚಿಸುತ್ತೆ' ಅಂದರೆ ಎದ್ದು ಬನ್ನಿ. ನಮ್ಮದು ದಾರಿ ತಪ್ಪಿದ ಇಮ್ಯುನಿಟಿಯ ಕಾಯಿಲೆಯೇ ಅಲ್ವಾ?

ಏಪ್ರಿಲ್, ಮೇ ತಿಂಗಳ ಸೆಕೆಗೆ ನನ್ನ ಮದ್ದು ಬೇರೆ. ತಣ್ಣೀರಿನ ಸ್ನಾನ, ಕುತ್ತಿಗೆಗೆ ಒದ್ದೆ ಬೈರಾಸು, ನಿಂತು ಮಾಡುವ ಕೆಲಸವೆಲ್ಲ ಬೆಳಗ್ಗೆ ಹತ್ತರೊಳಗೆ. ಇದಕ್ಕೆ ಯಾರೂ ಫೀಸು ಕೇಳುವುದಿಲ್ಲ.

ಒಂದು ಹಾಳೆಯಲ್ಲಿ ನಿಮ್ಮ ಮಾತ್ರೆಗಳ ಹೆಸರು, ದಾಳಿ ಬಂದ ತಾರೀಕು ಬರೆದು ಜೆರಾಕ್ಸ್ ಮಾಡಿಸಿ, ಇಬ್ಬರು ಡಾಕ್ಟರಿಗೂ ಕೊಡಿ. ನಾನು ಎರಡನೇ ಸಲ ಹೋದಾಗ ಹೋಮಿಯೋಪತಿಯವರು ಅದನ್ನು ಪೂರ್ತಿ ಓದಿ, ಕನ್ನಡಕ ತೆಗೆದು, 'ಇದನ್ನು ಬಿಟ್ಟದ್ದು ನನಗೆ ಯಾಕೆ ಹೇಳಲಿಲ್ಲ ನೀವು?' ಅಂತ ಕೇಳಿದರು.